ತೆಂಗಿನ ಹಾಲು ಬಿದ್ದ ಈಜುಕೊಳ

ಭಾನುವಾರ ಬೆಳಿಗ್ಗೆ ಫೋನ್ ಬಂದಾಗ ನಾನು ಉರ್ವ ಮಾರ್ಕೆಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದೆ. ಬಿಜೈಯಲ್ಲಿರುವ ನನ್ನ ಗಿರಾಕಿ ಆಂಟಿಯೊಬ್ಬರ ತಮ್ಮ ಮಾತಾಡುತ್ತಿದ್ದರು. "ಮೇಡಂ, ಸ್ವಲ್ಪ ಬರ್ಲಿಕ್ಕೆ ಆಗ್ತದಾ? ಪೂಲಿನಲ್ಲಿ ಸ್ವಲ್ಪ ನೊರೆ ಉಂಟು" ಎಂದರು. ಒಂದೇ ಉಸಿರಿನಲ್ಲಿ ಎರಡು ಸಲ ಸ್ವಲ್ಪ ಎನ್ನುವ ಗಂಡಸರನ್ನು ನಾನು ನಂಬುವುದಿಲ್ಲ. ಮೀನನ್ನು ಮನೆಗೆ ಮುಟ್ಟಿಸಿ, ನೀರು ಪರೀಕ್ಷೆಯ ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೊರಟೆ. ಮನೆಗಳ ಈಜುಕೊಳದ ನೀರನ್ನು ಸರಿಯಾಗಿ ಇಡುವುದು ನನ್ನ ಕೆಲಸ. ಅದರಲ್ಲಿ ಭಾನುವಾರ ಎಂಬುದು ಇಲ್ಲ.

ಗೇಟು ತೆರೆದು ನೋಡಿದರೆ ಕೊಳವೇ ಕಾಣಿಸಲಿಲ್ಲ. ನೊರೆ ಅಂಚು ಮೀರಿ ಹುಲ್ಲಿನ ಮೇಲೆ ಬಂದು, ಪಕ್ಕದ ದಾಸವಾಳದ ಗಿಡವನ್ನು ಅರ್ಧ ಮುಚ್ಚಿತ್ತು. ಪಂಪ್ ಓಡುತ್ತಲೇ ಇತ್ತು. ಮೊದಲು ಅದನ್ನು ಆಫ್ ಮಾಡಿದೆ.

"ಎಂತ ಹಾಕಿದ್ದೀರಿ ಸರ್ ಇದಕ್ಕೆ?"

"ಎಣ್ಣೆ ತೇಲ್ತಾ ಇತ್ತು ಮೇಡಂ. ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅಲ್ವಾ ಹಾಕುವುದು?"

"ಎಷ್ಟು ಹಾಕಿದ್ದೀರಿ?"

"ಒಂದು ಕ್ಯಾನ್. ಕ್ಯಾಟರಿಂಗ್‌ನವರದ್ದು ಇತ್ತು."

ನನಗೆ ಸಿಟ್ಟು ಬಂದರೆ ಮಾತು ನಿಲ್ಲುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಆವತ್ತು ಮೊದಲು ನೀರು ನೋಡಬೇಕಿತ್ತು. ಕೈಯಿಂದ ನೊರೆ ಸರಿಸಿ ನೋಡಿದೆ. ಅಡಿಯಲ್ಲಿ ನೀರು ಅಕ್ಕಿ ತೊಳೆದ ನೀರಿನಷ್ಟು ಬೆಳ್ಳಗಿತ್ತು, ಬೆರಳಿಗೆ ಜಿಡ್ಡು ಹತ್ತಿತು. ಮೂಸಿದೆ, ತೆಂಗಿನೆಣ್ಣೆ.

ಹಿಂದಿನ ಸಂಜೆ ಅಲ್ಲಿ ರೋಸ್ ನಡೆದಿತ್ತು. ಕೊಂಕಣಿ ಕ್ರಿಶ್ಚನ್ನರಲ್ಲಿ ಮದುವೆಗೆ ಮುಂಚೆ ಮಾಡುವ ಶಾಸ್ತ್ರ ಅದು. ಹಿರಿಯರು ಒಬ್ಬೊಬ್ಬರಾಗಿ ಬಂದು ಮದುಮಗನ ತಲೆಗೆ ತೆಂಗಿನೆಣ್ಣೆ ಹಚ್ಚಿ, ತೆಂಗಿನ ಹಾಲು ಎರೆಯುತ್ತಾರೆ. ಆಮೇಲೆ ಸ್ನಾನ. ಮದುಮಗ ಈ ತಮ್ಮನ ಮಗನೇ. ಗಲ್ಫಿನಿಂದ ಬರುವ ನೆಂಟರಿಗೆಲ್ಲ ರಜೆ ಸಿಗುವುದು ಒಮ್ಮೆಯಾದ್ದರಿಂದ ಒಂದೇ ವಾರದಲ್ಲಿ ಮನೆತನದ ಎರಡು ಮದುವೆ ಇಟ್ಟುಕೊಂಡಿದ್ದರು. ತಮ್ಮನದು ಫ್ಲ್ಯಾಟ್, ಅಂಗಳ ಇಲ್ಲ, ಹಾಗಾಗಿ ರೋಸ್ ಅಕ್ಕನ ಮನೆಯಲ್ಲಿ. ಮೈತುಂಬ ಎಣ್ಣೆ, ಹಾಲು ಸುರಿಯುತ್ತಿದ್ದ ಮದುಮಗ ಬಚ್ಚಲಿಗೆ ಹೋಗಬೇಕಿತ್ತು. ಅವನನ್ನು ಎತ್ತಿ ಕೊಳಕ್ಕೆ ಎಸೆದರು. ಹಿಂದೆಯೇ ಉಳಿದ ಹಾಲಿನ ಪಾತ್ರೆಗಳನ್ನು ಒಬ್ಬರಿಗೊಬ್ಬರು ಸುರಿದುಕೊಂಡು ಹುಡುಗರೆಲ್ಲ ಹಾರಿದರು.

"ನೀನು ಅವನಿಗೆ ಬೈಬೇಡ" ಎಂದು ವರಾಂಡದಿಂದ ಆಂಟಿ ಹೇಳಿದರು. "ತಳ್ಳಿ ಅಂತ ಹೇಳಿದ್ದು ನಾನೇ. ಎಷ್ಟು ಕಾಲದ ಮೇಲೆ ಈ ಮನೆಯಲ್ಲಿ ನಗು ಕೇಳಿತು ಮಾರಾಯ್ತಿ. ಬಾಯಿಗೆ ಬಂತು, ಹೇಳಿಬಿಟ್ಟೆ."

ಅವರು ಕುರ್ಚಿಯಲ್ಲಿ ಕೂತಿದ್ದರು, ಎದುರಿಗೆ ವಾಕರ್. ನಗಲು ನೋಡಿದರು, ಆಗಲಿಲ್ಲ. ಆ ನೀರು ಹಾಳಾದದ್ದರ ನಷ್ಟ ಯಾರಿಗೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಂಟಿ ಕುವೈಟಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದವರು. ಗಂಡ ತೀರಿಹೋಗಿದ್ದಾರೆ, ಒಬ್ಬಳೇ ಮಗಳು. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು, ಡಾಕ್ಟರು ನಡೆಯಿರಿ ಎಂದರು. ಆದರೆ ವಾಕರ್ ಬಿಟ್ಟ ಕೂಡಲೇ ಅವರ ಕಾಲು ನಡುಗುತ್ತಿತ್ತು. ಫಿಸಿಯೋಥೆರಪಿಯವರು ನೀರಿನಲ್ಲಿ ನಡೆಯಲು ಹೇಳಿದ ಮೇಲೆ, ಪಾಚಿಗಟ್ಟಿದ್ದ ಆ ಕೊಳವನ್ನು ನಾನು ಸರಿಮಾಡಿಕೊಟ್ಟಿದ್ದೆ. ನೀರಿನಲ್ಲಿ ಅವರು ವಾಕರ್ ಇಲ್ಲದೆ ನಡೆದರು. "ಇಲ್ಲಿ ಬಿದ್ದರೆ ಎಂತ ಆಗ್ತದೆ? ಮೂಗಿಗೆ ನೀರು ಹೋಗ್ತದೆ, ಅಷ್ಟೇ ಅಲ್ವಾ?" ಎನ್ನುತ್ತಿದ್ದರು.

ಮೊದಲು ಎದೆಮಟ್ಟದ ನೀರಿನಲ್ಲಿ ನಡೆದರು, ಆಮೇಲೆ ಸೊಂಟದ ಮಟ್ಟದಲ್ಲಿ. ನೀರು ಕಡಿಮೆಯಾದಷ್ಟೂ ಕಾಲಿಗೆ ಮೈಭಾರ ಹೆಚ್ಚು. ಕೊನೆಯ ವಾರ ಮೆಟ್ಟಿಲ ಬಳಿಯ ಮೊಣಕಾಲುದ್ದದ ನೀರಿನಲ್ಲಿ ನಡೆಯಬೇಕಿತ್ತು. ಅದು ಆದರೆ ನೆಲದ ಮೇಲೆ ನಡೆದ ಹಾಗೆಯೇ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಆ ಕೊನೆಯ ವಾರವೇ ಇದು. ಬರುವ ಶನಿವಾರ ಆಂಟಿಯ ಮಗಳ ಮದುವೆ. ಅಪ್ಪ ಇಲ್ಲದ ಹುಡುಗಿಯನ್ನು ಚರ್ಚಿನ ಬಾಗಿಲಿನಿಂದ ಪೀಠದವರೆಗೆ ಸೋದರಮಾವ ಕರೆದುಕೊಂಡು ಹೋಗಲಿ ಎಂದು ಎಲ್ಲರೂ ಹೇಳಿದ್ದರು. ಆಂಟಿ ಒಪ್ಪಿರಲಿಲ್ಲ. "ಅವರಿದ್ದಿದ್ದರೆ ಅವರು ಹೋಗ್ತಿದ್ದರು. ಈಗ ನಾನಿದ್ದೇನೆ. ಆ ಕಬ್ಬಿಣ ತಳ್ಳಿಕೊಂಡು ಅಲ್ಲ, ನನ್ನ ಕಾಲಲ್ಲಿ" ಎಂದಿದ್ದರು.

"ಯಾವಾಗ ಇಳಿಯಬಹುದು?" ಎಂದು ಕೇಳಿದರು.

"ಬುಧವಾರ" ಎಂದುಬಿಟ್ಟೆ. ನೀರನ್ನು ಪರೀಕ್ಷಿಸುವ ಮೊದಲೇ ಹೇಳಿದ ಮಾತು ಅದು. ನನ್ನ ನಾಲಿಗೆ ಯಾವಾಗಲೂ ಕೈಗಿಂತ ಒಂದು ಹೆಜ್ಜೆ ಮುಂದೆ.

ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸುವ ಹಾಗಿರಲಿಲ್ಲ. ಮೇ ತಿಂಗಳು, ಬಾವಿಯ ತಳ ಕಾಣುತ್ತಿತ್ತು, ಮದುವೆ ಮನೆಗೆ ಬೇಕಾದ ನೀರಿಗೇ ಟ್ಯಾಂಕರ್ ಬರುತ್ತಿತ್ತು. ಇದ್ದ ನೀರನ್ನೇ ರಿಪೇರಿ ಮಾಡಬೇಕು. ನೊರೆಯನ್ನು ಬಕೆಟ್ಟಿನಲ್ಲಿ ಬಾಚಿ ಬಾಚಿ ಚೆಲ್ಲಿದೆವು. ಎಣ್ಣೆಗೆ ನಮ್ಮ ಕಡಲ ಕಡೆಯ ಉಪಾಯ ಮಾಡಿದೆ. ಬಂದರಿನ ದಕ್ಕೆಯಲ್ಲಿ ಕಟ್ಟಿ ನಿಲ್ಲಿಸಿದ ದೋಣಿಯ ತಳದ ನೀರಿಗೆ ಡೀಸೆಲ್ ಬಿದ್ದರೆ ನಮ್ಮವರು ಹಳೇ ಹತ್ತಿ ಬಟ್ಟೆಯನ್ನು ನೀರಿನ ಮೇಲೆ ಹಾಸಿ ಮೆಲ್ಲಗೆ ಎಳೆಯುತ್ತಾರೆ. ಆಂಟಿಯ ಮನೆಯ ಹಳೇ ಸೀರೆ, ಲುಂಗಿ, ಬೆಡ್‌ಶೀಟ್ ಎಲ್ಲ ಹೊರಗೆ ಬಂತು. ಒಂದು ತುದಿ ನಾನು, ಇನ್ನೊಂದು ತುದಿ ತಮ್ಮ. ಮಾರನೇ ದಿನ ಮಗನ ಮದುವೆ ಇಟ್ಟುಕೊಂಡ ಮನುಷ್ಯ ಚಡ್ಡಿಯಲ್ಲಿ ನಿಂತು, ನಾನು ಎಳೆಯಿರಿ ಎಂದಾಗ ಎಳೆದು, ಹಿಂಡಿ ಎಂದಾಗ ಹಿಂಡಿದರು. ಬೈಯಬೇಕೆಂದಿದ್ದೆ, ಆ ಮುಖ ನೋಡಿ ಬೈಯಲಿಲ್ಲ.

ಸೋಮವಾರ ಅವರೆಲ್ಲ ಮದುವೆಗೆ ಹೋಗಿದ್ದಾಗ ಫಿಲ್ಟರ್ ತೆರೆದೆ. ಕೊಳದ ನೀರು ಒಂದು ಮರಳಿನ ಡ್ರಮ್ಮಿನ ಮೂಲಕ ಹಾದು ಸೋಸಿ ವಾಪಸು ಬರುತ್ತದೆ. ಆ ಮರಳು ಎಣ್ಣೆ ಕುಡಿದು ಕಡುಬಿನ ಹಿಟ್ಟಿನ ಹಾಗೆ ಮುದ್ದೆ ಕಟ್ಟಿತ್ತು, ಮುಚ್ಚಳ ತೆಗೆದರೆ ಕಮಟು ವಾಸನೆ. ತೊಳೆದು ಪ್ರಯೋಜನವಿಲ್ಲ ಎಂದು ಅಷ್ಟನ್ನೂ ತೋಡಿ ಹಾಕಿ ಹೊಸ ಮರಳು ತುಂಬಿಸಿದೆ. ಸಂಜೆಗೆ ನೀರು ಸರಾಗವಾಗಿ ಓಡತೊಡಗಿತು. ಇನ್ನುಳಿದದ್ದು ನೀರಿನಲ್ಲಿ ಕರಗಿಹೋದ ಹಾಲು. ಅದನ್ನು ಕ್ಲೋರಿನ್ ಹಾಕಿಯೇ ಸುಡಬೇಕು.

ಮಂಗಳವಾರ ಬಂದರಿನ ಗೋಡೌನಿನಿಂದ ದ್ರವ ಕ್ಲೋರಿನ್‌ನ ಕ್ಯಾನ್ ತಂದು ಕೊಳದ ಅಂಚಿನುದ್ದಕ್ಕೂ ಸುರಿಯುತ್ತಾ ನಡೆದೆ. ಪಂಪ್ ಓಡಿಸಿ ಒಂದು ಗಂಟೆ ಬಿಟ್ಟು ಪರೀಕ್ಷೆ ಮಾಡಿದೆ. ಸಣ್ಣ ಗಾಜಿನ ಕೊಳವೆಗೆ ನೀರು ತುಂಬಿ ಒಂದು ಮಾತ್ರೆ ಹಾಕಿ ಅಲುಗಾಡಿಸಿದರೆ, ಕ್ಲೋರಿನ್ ಇದ್ದಷ್ಟು ಗುಲಾಬಿ ಬಣ್ಣ ಬರುತ್ತದೆ. ಗುಲಾಬಿ ಬರಲಿಲ್ಲ, ನೀರು ನೀರಿನ ಹಾಗೇ ಇತ್ತು. ಹಾಲು ಅಷ್ಟನ್ನೂ ತಿಂದುಹಾಕಿತು ಎಂದುಕೊಂಡೆ. ಮತ್ತೆ ಸುರಿದೆ. ಮತ್ತೆ ಬಣ್ಣವಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸ್ಕೂಟರ್ ಹತ್ತಿ ಬಂದರಿಗೆ ಹೋಗಿ ಇನ್ನೊಂದು ಕ್ಯಾನ್ ತಂದೆ.

ಅದರ ನಡುವೆ ಪಿಎಚ್ ಬೇರೆ ಕಾಟ ಕೊಟ್ಟಿತು. ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ ಅದು. ಏಳೂವರೆಯ ಆಸುಪಾಸು ಇದ್ದರೆ ಮೈಗೂ ಕಣ್ಣಿಗೂ ಹಿತ. ಪರೀಕ್ಷೆಯ ಕೆಂಪು ಹನಿ ಬಿಟ್ಟರೆ ಕಿತ್ತಳೆ, ಕೆಂಪಿನ ನಡುವೆ ಬಣ್ಣ ನಿಲ್ಲಬೇಕು. ನನ್ನ ಕೊಳವೆಯಲ್ಲಿ ನೇರಳೆ ಬಂತು. ಬಣ್ಣದ ಪಟ್ಟಿಯಲ್ಲೇ ಇಲ್ಲದ ನೇರಳೆ. ಸೋಪಿನ ನೀರು ಕ್ಷಾರ, ದ್ರವ ಕ್ಲೋರಿನ್ ಕೂಡ ಕ್ಷಾರ, ಸರಿಯಾಗಿಯೇ ಉಂಟು ಎಂದುಕೊಂಡು ಪಿಎಚ್ ಇಳಿಸಲು ಆಸಿಡ್ ಹಾಕಿದೆ. ಕ್ಲೋರಿನ್‌ಗೂ ಆಸಿಡ್‌ಗೂ ಮುಖಾಮುಖಿ ಆಗಬಾರದು, ವಿಷಗಾಳಿ ಏಳುತ್ತದೆ, ಹಾಗಾಗಿ ನಡುವೆ ಸಾಕಷ್ಟು ಹೊತ್ತು ಬಿಡುತ್ತಿದ್ದೆ. ಕಾಯುವ ಹೊತ್ತಿನಲ್ಲಿ ಕೂರಲಾಗದೆ ಕೊಳದ ಸುತ್ತ ನಡೆಯುತ್ತಿದ್ದೆ. ಮತ್ತೆ ಪರೀಕ್ಷೆ, ಮತ್ತೆ ನೇರಳೆ, ಮತ್ತೆ ಆಸಿಡ್.

ಕಾಟಿಪಳ್ಳದ ಗಿರಾಕಿ ಫೋನ್ ಮಾಡಿ, "ನಮ್ಮ ಪೂಲಿಗೆ ಈ ವಾರ ಬರ್ಲಿಕ್ಕೆ ಉಂಟಾ ಇಲ್ವಾ?" ಎಂದು ಕೇಳಿದರು. "ನಿಮ್ಮ ಪೂಲಿಗೆ ಯಾರೂ ಹಾಲು ಎರೆದಿಲ್ಲ ಅಲ್ವಾ? ಹಾಗಾದರೆ ಸುಮ್ಮನಿರಿ" ಎಂದು ಇಟ್ಟುಬಿಟ್ಟೆ. ಅವರಿಗೆ ಎಂತ ಅರ್ಥವಾಯಿತೋ.

ಬುಧವಾರ ಬೆಳಿಗ್ಗೆ ನೀರಿನ ಬಿಳಿ ಕಡಿಮೆಯಾಗಿತ್ತು. ಆದರೆ ಗೇಟಿನ ಬಳಿ ನಿಂತರೇ ಕಣ್ಣುರಿ. ಸ್ಟೀಲಿನ ಏಣಿಯ ಹೊಳಪು ಹೋಗಿ ಮಂಕಾಗಿತ್ತು. ಕ್ಲೋರಿನ್ ಇನ್ನೂ ಸೊನ್ನೆ, ಪಿಎಚ್ ಇನ್ನೂ ನೇರಳೆ. ನನ್ನ ಕೈ ಆಗಲೇ ಕ್ಯಾನಿನ ಮುಚ್ಚಳಕ್ಕೆ ಹೋಗಿತ್ತು.

"ನಿಲ್ಲು" ಎಂದರು ಆಂಟಿ. ವಾಕರ್ ತಳ್ಳಿಕೊಂಡು ಕೊಳದ ಅಂಚಿನವರೆಗೆ ಬಂದಿದ್ದರು. "ಇನ್ನೊಮ್ಮೆ ಆ ಪರೀಕ್ಷೆ ಮಾಡು. ಈ ಸಲ ನನ್ನ ಕೈಯಲ್ಲಿ ಕೊಡು."

"ಎಷ್ಟು ಸಲ ಮಾಡಿದರೂ ಅಷ್ಟೇ ಆಂಟಿ. ಸೊನ್ನೆ."

"ನೀನು ಮಾತ್ರೆ ಹಾಕಿ, ಅಲ್ಲಾಡಿಸಿ, ಅಷ್ಟರಲ್ಲಿ ಆ ಕಡೆ ತಿರುಗಿ ಕ್ಯಾನ್ ನೋಡ್ತೀ. ನಾನು ನಿನ್ನೆಯಿಂದ ನೋಡ್ತಾ ಇದ್ದೇನೆ. ಕೊಡು ಇಲ್ಲಿ."

ಕುರ್ಚಿ ತಂದು ಕೂರಿಸಿ ಕೊಳವೆ ಕೊಟ್ಟೆ. ಅವರು ಅದನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಮಾತ್ರೆಯನ್ನು ಮೆಲ್ಲಗೆ ಬಿಟ್ಟರು. ಅದು ಕರಗುತ್ತಿದ್ದ ಹಾಗೆ ಸುತ್ತ ಒಂದು ಕಡುಗುಲಾಬಿ ಎಳೆ ಎದ್ದಿತು, ಮರುಕ್ಷಣ ಮಾಯವಾಯಿತು. ನೀರು ಮತ್ತೆ ತಿಳಿ.

"ಬಂತು, ಹೋಯಿತು. ನೋಡಿದೆಯಾ?" ಎಂದರು.

ನೋಡಿದೆ. ಕ್ಲೋರಿನ್ ಇಲ್ಲದೆ ಬಣ್ಣ ಬಾರದಿರುವುದು ಬೇರೆ, ಕ್ಲೋರಿನ್ ವಿಪರೀತವಾಗಿ ಬಂದ ಬಣ್ಣವನ್ನೇ ಸುಟ್ಟುಹಾಕುವುದು ಬೇರೆ. ಕೊನೆಗೆ ಎರಡೂ ಕಾಣುವುದು ಒಂದೇ ಥರ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಮದುವೆ ಊಟಕ್ಕೆ ತಂದಿಟ್ಟಿದ್ದ ಕುಡಿಯುವ ನೀರಿನ ಬಾಟಲಿ ಒಂದನ್ನು ತೆರೆದು, ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಅದನ್ನು ಬೆರೆಸಿ ಪರೀಕ್ಷಿಸಿದೆ. ಕಡುಗುಲಾಬಿ ಬಂತು, ನಿಂತಿತು. ಅಷ್ಟು ತೆಳು ಮಾಡಿದ ಮೇಲೂ ಪಟ್ಟಿಯ ಕೊನೆಯ ಬಣ್ಣ. ಆ ನೇರಳೆಯೂ ಸುಳ್ಳೇ. ಕ್ಲೋರಿನ್ ಅತಿಯಾದರೆ ಪಿಎಚ್ ಹನಿಯೂ ಕೆಟ್ಟು ಆ ಬಣ್ಣ ತೋರಿಸುತ್ತದೆ. ಇಲ್ಲದ ಕ್ಷಾರಕ್ಕೆ ನಾನು ಆಸಿಡ್ ಸುರಿಯುತ್ತಾ ಹೋಗಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟೂ ಬರುತ್ತದೆ. ಕ್ಯಾನನ್ನು ಕಾಲಿನಿಂದ ದೂರ ಸರಿಸಿದೆ.

"ಒದ್ದು ಎಂತ ಪ್ರಯೋಜನ?" ಎಂದರು ಆಂಟಿ. "ಐಸಿಯುನಲ್ಲಿ ಒಂದು ಡ್ರಿಪ್ ಬದಲಿಸಿದರೆ ನಾವು ಕಾಯ್ತೇವೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಎಂತ ಆಯಿತು ಅಂತ ಯಾರಿಗೆ ಗೊತ್ತಾಗ್ತದೆ? ಇವತ್ತು ಇಳಿಯುವುದು ಇಲ್ಲ ಅಲ್ವಾ?"

"ಇಲ್ಲ ಆಂಟಿ."

"ನಾಳೆ?"

ಈ ಸಲ ನಾಲಿಗೆ ಕಚ್ಚಿಕೊಂಡೆ. "ನೋಡುವ" ಎಂದೆ.

ಗುರುವಾರ ಬೆಳಿಗ್ಗೆ ತಮ್ಮ ಒಂದು ಪ್ಯಾಕೆಟ್ ಹಿಡಿದುಕೊಂಡು ಓಡಿಬಂದರು. ಅಕ್ವೇರಿಯಂ ಅಂಗಡಿಯಿಂದ ಹೈಪೋ ಹರಳು ತಂದಿದ್ದರು. ಮೀನಿನ ತೊಟ್ಟಿಗೆ ನಲ್ಲಿನೀರು ತುಂಬಿಸುವವರು ಕ್ಲೋರಿನ್ ಕೊಲ್ಲಲು ಹಾಕುವ ವಸ್ತು. "ಇದು ಹಾಕಿದರೆ ಹತ್ತು ನಿಮಿಷದಲ್ಲಿ ಕ್ಲೋರಿನ್ ಫಿನಿಶ್ ಅಂತೆ ಮೇಡಂ. ಹಾಕಿಬಿಡುವ. ಅಕ್ಕ ಇವತ್ತೇ ಇಳಿಯಬಹುದು."

ಅವರು ಹೇಳಿದ್ದು ತಪ್ಪಲ್ಲ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಮೊದಲು ಒಂದೇ ಒಂದು ಹರಳನ್ನು ಗಾಜಿನ ಕೊಳವೆಯ ನೀರಿಗೆ ಹಾಕಿ ಕ್ಲೋರಿನ್ ಕೊಂದು, ಆಮೇಲೆ ಪಿಎಚ್ ಹನಿ ಬಿಟ್ಟೆ. ಹಳದಿ ಬಂತು, ನಿಂಬೆಹಣ್ಣಿನ ಹಳದಿ. ನಿಜವಾದ ಪಿಎಚ್ ಪಟ್ಟಿಯ ತಳಕ್ಕೆ ಬಿದ್ದಿತ್ತು. ನಮ್ಮ ಕಡೆಯ ಕೆಂಪು ಮುರಕಲ್ಲಿನ ನೆಲದ ಬಾವಿಯ ನೀರಿಗೆ ಮೊದಲೇ ಕ್ಷಾರದ ಬಲ ಕಡಿಮೆ. ಆ ಬಲ ಪಿಎಚ್‌ಗೆ ಲಂಗರು ಇದ್ದ ಹಾಗೆ, ಅದು ಇಲ್ಲದಿದ್ದರೆ ಪಿಎಚ್ ಅತ್ತಿತ್ತ ಅಲೆಯುತ್ತದೆ. ಇದ್ದ ಚೂರು ಲಂಗರನ್ನೂ ನನ್ನ ಆಸಿಡ್ ತಿಂದಿತ್ತು. ಈಗ ಹೈಪೋ ಸುರಿದರೆ ಕ್ಲೋರಿನ್ ಸಾಯುವಾಗ ನೀರು ಇನ್ನಷ್ಟು ಹುಳಿಯಾಗುತ್ತದೆ. ಅಳತೆ ಒಂಚೂರು ಹೆಚ್ಚಾದರೆ ಮತ್ತೆ ಕ್ಲೋರಿನ್ ಹಾಕಬೇಕು. ಹಾಲಿನ ಕಸ ಪೂರ್ತಿ ಸುಟ್ಟಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಮತ್ತೆ ಅದೇ ಗಾಣ.

"ಹಾಕುವುದಿಲ್ಲ ಸರ್" ಎಂದೆ. "ಸೋಡಾ ಒಂದು ಹಾಕ್ತೇನೆ. ಮತ್ತೆ ಬಿಸಿಲು ನೋಡಿಕೊಳ್ತದೆ."

"ಬಿಸಿಲು ಎಂತ ಮಾಡ್ತದೆ?"

"ದ್ರವ ಕ್ಲೋರಿನ್ ಬಿಸಿಲಿಗೆ ತಾನಾಗಿ ಹೋಗ್ತದೆ. ಒಂದು ಒಳ್ಳೇ ದಿನದ ಬಿಸಿಲು ಸಾಕು."

"ಮತ್ತೆ ನಾವು ಎಂತ ಮಾಡುವುದು?"

"ಎಂತ ಮಾಡುವುದು ಬೇಡ."

ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಅಡುಗೆ ಸೋಡಾವನ್ನು ಬಕೆಟ್ಟಿನಲ್ಲಿ ಕಲಸಿ, ಸ್ವಲ್ಪ ಸ್ವಲ್ಪವೇ ಬಿಟ್ಟು, ಪಂಪ್ ಓಡಿಸಿ, ಬಾಗಿಲಿಗೆ ಬೀಗ ಹಾಕಿದ ಅಂಗಡಿಯವಳ ಹಾಗೆ ಕೂತೆ. ಸಂಜೆಗೆ ಕೊಳವೆಯ ಹಳದಿಗೆ ಚೂರು ಕಿತ್ತಳೆ ಬಂತು. ಖುಷಿಯಾಗಿ ತಲೆ ಎತ್ತಿದರೆ ಆಕಾಶದಲ್ಲಿ ಮೋಡ. ಮಳೆಗೆ ಮುಂಚಿನ ದಪ್ಪ ಮೋಡ, ಮಳೆಯೂ ಸುರಿಸದೆ, ಬಿಸಿಲನ್ನೂ ಬಿಡದೆ ಕಡಲಿನಿಂದ ಎದ್ದು ಬಂದು ಊರಿನ ಮೇಲೆ ಕೂತಿತ್ತು.

ಆವತ್ತು ಆಂಟಿಯ ಮಗಳ ರೋಸ್. ಕೊಳದ ಗೇಟಿಗೆ ಹಗ್ಗ ಬಿಗಿದು, ಶಾಸ್ತ್ರವನ್ನು ಮನೆಯ ಮುಂದಿನ ಅಂಗಳದಲ್ಲಿ ಇಟ್ಟುಕೊಂಡರು. ತಮ್ಮ ಹಗ್ಗದ ಬಳಿ ಸ್ಟೂಲು ಹಾಕಿ ಕೂತು, ಆ ಕಡೆ ಬಂದ ಹುಡುಗರನ್ನೆಲ್ಲ ಓಡಿಸಿದರು. ಆಂಟಿ ಮಗಳ ತಲೆಗೆ ಹಾಲೆರೆಯುವುದನ್ನು ನಾನು ದೂರದಿಂದ ನೋಡಿದೆ. ಒಂದು ಕೈ ವಾಕರ್ ಮೇಲೆ, ಒಂದು ಕೈಯಲ್ಲಿ ಪಾತ್ರೆ. ಪಾತ್ರೆ ಹಿಡಿದ ಕೈ ನಡುಗುತ್ತಿರಲಿಲ್ಲ, ಕಾಲು ನಡುಗುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಶುಕ್ರವಾರವೂ ಮೋಡ. ನಾನು ಬಂದೆ, ಪರೀಕ್ಷೆ ಮಾಡಿದೆ, ಹೋದೆ, ಪುನಃ ಬಂದೆ. ಸುಮ್ಮನೆ ಇರುವುದು ಒಂದು ಕೆಲಸ ಎಂದು ಯಾರಾದರೂ ಹೇಳಿದರೆ ಹಿಂದೆ ನಗುತ್ತಿದ್ದೆ. ಹೈಪೋ ಪ್ಯಾಕೆಟ್ ವರಾಂಡದ ಕಟ್ಟೆಯ ಮೇಲೆಯೇ ಇತ್ತು. ಎರಡು ಸಲ ಅದನ್ನು ಕೈಗೆತ್ತಿಕೊಂಡು ಎರಡು ಸಲ ವಾಪಸು ಇಟ್ಟೆ. ಪಿಎಚ್ ಒಳ್ಳೆಯದಾಗುತ್ತಾ ಬಂತು. ನೀರೂ ತಿಳಿಯಾಯಿತು, ತಳದ ನೀಲಿ ಟೈಲ್ಸ್ ಒಂದೊಂದೂ ಎಣಿಸುವಷ್ಟು. ಕ್ಲೋರಿನ್ ಮಾತ್ರ ಇಳಿಯಲೊಲ್ಲದು. ಸಂಜೆ ನೀರು ಬೆರೆಸಿ ಅಳೆದಾಗಲೂ ಇರಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು.

ಕೊಳವೆ ತೊಳೆಯುತ್ತಿದ್ದೆ, ಹಿಂದೆ ವಾಕರ್‌ನ ಸದ್ದಾಯಿತು. ಆಂಟಿ ಈಜುಡುಗೆ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದಿದ್ದರು. ಹಿಂದೆ ತಮ್ಮ, ಮೆಹಂದಿ ಕೈಯ ಮಗಳು.

"ನೀರು ಕನ್ನಡಿ ಹಾಗೆ ಉಂಟು" ಎಂದರು ಆಂಟಿ. "ಅರ್ಧ ಗಂಟೆ. ಮೊಣಕಾಲುದ್ದದ ನೀರಿನಲ್ಲಿ ಅತ್ತ ಒಮ್ಮೆ, ಇತ್ತ ಒಮ್ಮೆ. ನಾಳೆ ಮದುವೆ ಮಾರಾಯ್ತಿ."

"ಆಗ್ಲಿಕ್ಕಿಲ್ಲ ಆಂಟಿ. ಕ್ಲೋರಿನ್ ತುಂಬಾ ಉಂಟು."

"ಚರ್ಮ ನನ್ನದು. ಕಾಲು ನನ್ನದು."

"ನೀರು ನನ್ನದು" ಎಂದೆ. ಹೇಳಿದ ಮೇಲೆ ಜೋರಾಯಿತು ಅನಿಸಿತು, ಆದರೆ ಹಿಂದೆ ಸರಿಯಲಿಲ್ಲ. ಚಪ್ಪಲಿ ಕಳಚಿ ಮೊದಲ ಮೆಟ್ಟಿಲಿಗೆ ಇಳಿದು ಅಡ್ಡ ನಿಂತೆ. ಇಬ್ಬರು ಹೆಂಗಸರು, ನಡುವೆ ಒಂದು ವಾಕರ್.

ತಮ್ಮ, "ಅರ್ಧ ಗಂಟೆ ಅಲ್ವಾ ಮೇಡಂ?" ಎಂದರು.

"ಸರ್, ನಾಳೆ ಇವರು ಕಣ್ಣು ಕೆಂಪು ಮಾಡಿಕೊಂಡು, ಮೈ ಉರಿಸಿಕೊಂಡು, ಕೆಮ್ಮುತ್ತಾ ಚರ್ಚಿನಲ್ಲಿ ಕೂತರೆ ಆಗ್ತದಾ?" ಎಂದು ಅವರಿಗೆ ಹೇಳಿ, ಆಂಟಿಯ ಎದುರು ಗುಲಾಬಿ ಕೊಳವೆ ಹಿಡಿದೆ. "ನೀವು ನರ್ಸ್. ಈ ರಿಪೋರ್ಟ್ ನೋಡಿ ನೀವೇ ಹೇಳಿ. ಪೇಷಂಟನ್ನು ಇದರಲ್ಲಿ ಇಳಿಸ್ತೀರಾ?"

ಅವರು ಕೊಳವೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಪೇಷಂಟ್ ಆದರೆ ಇಳಿಸುವುದಿಲ್ಲ" ಎಂದರು. "ಆದರೆ ನಾನು ಪೇಷಂಟ್ ಅಲ್ಲ. ಅವಳ ತಾಯಿ."

ನಾನು ಮೆಟ್ಟಿಲಿನಿಂದ ಸರಿಯಲಿಲ್ಲ. ಅವರು ವಾಕರ್ ತಿರುಗಿಸಿಕೊಂಡು ಒಳಗೆ ಹೋದರು, ತಿರುಗಿ ನೋಡಲಿಲ್ಲ. ಮಗಳು ನನ್ನ ಕಡೆ ನೋಡಿ ಏನೋ ಹೇಳಲು ಹೋಗಿ, ಹೇಳದೆ ತಾಯಿಯ ಹಿಂದೆ ಹೋದಳು. ಬೇಜಾರು ಅಂದರೆ ಅಂಥ ಬೇಜಾರು ನನಗೆ ಎಂದೂ ಆಗಿರಲಿಲ್ಲ. ಗುರುವಾರ ಹೈಪೋವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿದ್ದರೆ ಆಗುತ್ತಿತ್ತೋ ಏನೋ. ಇವತ್ತಿಗೂ ನನಗೆ ಗೊತ್ತಿಲ್ಲ. ಗಂಡನ ಹತ್ತಿರ ಹೇಳಿದರೆ, "ನೀನು ಮಾ‌ಡಿದ್ದು ಸರಿ" ಎಂದರು. ಸರಿ ಮಾಡಿದವಳಿಗೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ತೊಳೆದಿಟ್ಟ ಹಾಗೆ. ಕಣ್ಣು ಕುಕ್ಕುವ ಬಿಸಿಲು. ನಾನು ಆಕಾಶಕ್ಕೂ ಬೈದೆ. ಮಧ್ಯಾಹ್ನದ ಹೊತ್ತಿಗೆ ಬಿಜೈಗೆ ಹೋದೆ. ಮನೆ ತುಂಬ ನೆಂಟರು, ಆಂಟಿ ಒಳಗೆ ಕೊಳದ ಕಡೆಯ ಕಿಟಕಿಯ ಬಳಿ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದರು. ನಾನು ಬಂದದ್ದನ್ನು ಯಾರಿಗೂ ಹೇಳದೆ ಹಿಂದಿನ ಗೇಟಿನಿಂದ ಹೋಗಿ ಪರೀಕ್ಷೆ ಮಾಡಿದೆ. ನೀರು ಬೆರೆಸದೆ, ನೇರ ಕೊಳದಿಂದ. ಮಾತ್ರೆ ಕರಗುವವರೆಗೆ ಕಣ್ಣು ತೆಗೆಯಲಿಲ್ಲ. ತೆಳು ಗುಲಾಬಿ ಬಂತು, ನಿಂತಿತು, ಪಟ್ಟಿಯಲ್ಲಿ ಎರಡು, ಇರಬೇಕಾದಷ್ಟೇ. ಪಿಎಚ್ ಹನಿಯೂ ಕಿತ್ತಳೆ, ಕೆಂಪಿನ ನಡುವೆ ಇರಬೇಕಾದ ಜಾಗದಲ್ಲೇ ನಿಂತಿತು. ಒಂದು ವಾರದಿಂದ ನಾನು ಬೇಡಿಕೊಂಡಿದ್ದ ನೀರು ಅಲ್ಲಿತ್ತು, ಇಳಿಯಬೇಕಾದವರು ಸೀರೆ ಉಟ್ಟು ಆಗಿತ್ತು. ಯಾರಿಗೂ ಹೇಳದೆ ಬಂದ ದಾರಿಯಲ್ಲೇ ಹೊರಟೆ.

ಮದುವೆಗೆ ಹೋಗುವುದೋ ಬೇಡವೋ ಎಂದು ಸೀರೆಯ ನೆರಿಗೆ ಹಿಡಿಯುವವರೆಗೂ ಯೋಚಿಸಿದೆ. ಕರೆದಿದ್ದರು, ಹೋಗದಿದ್ದರೆ ಸೊಕ್ಕು ಎಂದಾಗುತ್ತದೆ. ಚರ್ಚಿನಲ್ಲಿ ಹಿಂದುಗಡೆ, ನಡುದಾರಿಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತೆ. ಬೇಗ ಎದ್ದು ಹೋಗಲು ಸುಲಭ ಎಂದು ಆ ಜಾಗ. ಕೈಯಲ್ಲಿ ಇನ್ನೂ ಕ್ಲೋರಿನ್ ವಾಸನೆ ಇತ್ತು. ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಕೂತೆ.

ಹಾಡು ಶುರುವಾಯಿತು, ಎಲ್ಲರೂ ಎದ್ದು ಹಿಂದೆ ತಿರುಗಿದರು. ಬಾಗಿಲಿನಲ್ಲಿ ಬಿಳಿ ಗೌನಿನ ಮದುಮಗಳು, ಅವಳ ಪಕ್ಕದಲ್ಲಿ ಆಂಟಿ. ತಮ್ಮ ವಾಕರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ನಿಂತಿದ್ದರು. ನೆಲಕ್ಕೆ ತಾಗಿಸಿರಲಿಲ್ಲ. ಆಂಟಿ ಎಡಗೈಯಿಂದ ಮಗಳ ತೋಳು ಹಿಡಿದು, ಬಲಗೈಯನ್ನು ಮೊದಲ ಬೆಂಚಿನ ತುದಿಗೆ ಊರಿ ಒಂದು ಹೆಜ್ಜೆ ಇಟ್ಟರು. ಆಮೇಲೆ ಮುಂದಿನ ಬೆಂಚು. ನಡುವೆ ಏನೂ ಹಿಡಿಯಲು ಸಿಗದ ಜಾಗದಲ್ಲಿ ಅವರ ಕಾಲು ನಡುಗುವುದು ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು. ಹಾಡು ಮುಗಿಯಿತು. ಹಾಡುವವರು ಒಬ್ಬರ ಮುಖ ಒಬ್ಬರು ನೋಡಿ, ಅದನ್ನೇ ಮೊದಲಿನಿಂದ ಎತ್ತಿಕೊಂಡರು. ನೀರಿನಲ್ಲಿ ನಡೆಯಬೇಕಾಗಿದ್ದ ಆ ಎಲ್ಲ ಹೆಜ್ಜೆಗಳನ್ನು ಅವರು ಇಲ್ಲಿ, ಊರೆಲ್ಲ ನೋಡುತ್ತಿರುವಾಗ ಇಡುತ್ತಿದ್ದರು. ಬಿದ್ದರೆ ಅದಕ್ಕೆ ನಾನೇ ಕಾರಣ. ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು.

ನನ್ನ ಬೆಂಚಿನ ಬಳಿ ಬಂದಾಗ ಅವರ ಕೈ ಮರಕ್ಕೆ ಬರಲಿಲ್ಲ, ನನ್ನ ಭುಜಕ್ಕೆ ಬಂತು. ಇಡೀ ಭಾರ ಬಿತ್ತು. ಅವರು ನಿಂತರು, ಉಸಿರು ಎಳೆದುಕೊಂಡರು. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿರಬೇಕು.

"ಎಷ್ಟು ಬಂತು?" ಎಂದು ಕೇಳಿದರು. ಮುಖ ಪೀಠದ ಕಡೆಗೇ ಇತ್ತು.

"ಏಳು ಪಾಯಿಂಟ್ ನಾಲ್ಕು" ಎಂದೆ.

"ಕ್ಲೋರಿನ್?"

"ಎರಡು."

"ಸೋಮವಾರ ಬೆಳಿಗ್ಗೆ ಇಳೀತೇನೆ. ನೀನು ಬಾ."

"ಬರ್ತೇನೆ ಆಂಟಿ."

ಅವರು ತಲೆಯಾಡಿಸಿದರು, ಆದರೆ ಕೈ ತೆಗೆಯಲಿಲ್ಲ. ಕಾಲಿನ ನಡುಕ ನನ್ನ ಭುಜದವರೆಗೆ ಬರುತ್ತಿತ್ತು. ಅದು ಕಡಿಮೆಯಾಗುವವರೆಗೆ, ಅವರು ತಾವಾಗಿ ಕೈ ಎತ್ತಿ ಮುಂದಿನ ಬೆಂಚಿಗೆ ಇಡುವವರೆಗೆ, ನಾನು ಒಂದಿಷ್ಟೂ ಅಲ್ಲಾಡದೆ ನಿಂತೆ.